ಕಡಲಿಲ್ಲದ ಊರಿನಿಂದ ಕಡಲಿನ ಪ್ರಶ್ನೆ

ಶಹಾಬಾದಿನಿಂದ ಗೃಹಿಣಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಅವರ ಹದಿನಾರು ವರ್ಷದ ಮಗ ರಜೆಯಲ್ಲಿ ಮೂಲ್ಕಿಗೆ ಹೋಗಿ, ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯೇರುವ ಆಟವನ್ನು ಕಲಿಯುತ್ತೇನೆಂದು ಹಠ ಹಿಡಿದಿದ್ದಾನೆ. ಸರ್ಫಿಂಗ್ ಎಂದು ಅದರ ಹೆಸರು. ಹುಡುಗನ ತಂದೆ 'ಹೋಗಲಿ ಬಿಡು' ಎನ್ನುತ್ತಾರೆ. ಅಜ್ಜಿ ಮೂರು ದಿನಗಳಿಂದ ಸರಿಯಾಗಿ ಊಟ ಮಾಡಿಲ್ಲ. ತಾಯಿ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾರೆ. ಅವರು ಕೇಳಿರುವ ಪ್ರಶ್ನೆಗಳು ಮೂರು. ಈ ಆಟ ಎಂಥದು? ಇದರಲ್ಲಿ ಅಪಾಯ ಎಷ್ಟು? ಕೊನೆಯದು, "ಕಲ್ಲು, ಸಿಮೆಂಟು, ತೊಗರಿಗಳ ನಡುವೆ ಬಾಳುವ ನಮಗೆ ಸಮುದ್ರದ ಗೊಡವೆ ಏಕೆ? ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಿಗೂ ಕಡಲಿಗೂ ಏನು ನಂಟು?"

ಮೂರನೆಯ ಪ್ರಶ್ನೆಯನ್ನು ಅವರು ಬೇಸರದಿಂದ ಕೇಳಿರಬಹುದು. ಆದರೆ ಮೂರರಲ್ಲಿ ಅದೇ ದೊಡ್ಡದು. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಂಡು, ಕ್ರಮವಾಗಿ ಉತ್ತರಿಸುವೆನು.

ಆಟದ ಮೂಲ ಪೆಸಿಫಿಕ್ ಮಹಾಸಾಗರದ ದ್ವೀಪಗಳಲ್ಲಿದೆ. ೧೭೭೯ರಲ್ಲಿ ಕ್ಯಾಪ್ಟನ್ ಕುಕ್ಕನ ನೌಕೆಗಳು ಹವಾಯಿ ದ್ವೀಪದ ತೀರದಲ್ಲಿ ಲಂಗರು ಹಾಕಿದ್ದಾಗ, ಜೇಮ್ಸ್ ಕಿಂಗ್ ಎಂಬ ಅಧಿಕಾರಿಯು ಅಲ್ಲಿನ ಜನ ಹಲಗೆಯ ಮೇಲೆ ಅಲೆಯೇರಿ ಬರುವುದನ್ನು ಕಂಡು ಬೆರಗಾಗಿ ಬರೆದಿಟ್ಟನು. ಅಲ್ಲಿ ಅರಸರೂ ಆಡುತ್ತಿದ್ದರು, ಆಳುಗಳೂ ಆಡುತ್ತಿದ್ದರು. ಗಂಡಸರೂ ಆಡುತ್ತಿದ್ದರು, ಹೆಂಗಸರೂ ಆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದ ಧರ್ಮಪ್ರಚಾರಕರ ಕಣ್ಣಿಗೆ ಇದು ಸೋಮಾರಿಗಳ ಆಟವಾಗಿ ಕಂಡು, ಕ್ರಮೇಣ ಕ್ಷೀಣಿಸಿತು. ಅದಕ್ಕೆ ಮರಳಿ ಜೀವ ಬರಿಸಿದವರಲ್ಲಿ ಮುಖ್ಯನಾದವನು ಹವಾಯಿಯ ಡ್ಯೂಕ್ ಕಹನಮೋಕು. ೧೯೧೨ ಮತ್ತು ೧೯೨೦ರ ಒಲಿಂಪಿಕ್ ಪಂದ್ಯಗಳಲ್ಲಿ ಈಜಿನಲ್ಲಿ ಚಿನ್ನ ಗೆದ್ದ ಈತನು ಹೋದ ಹೋದ ದೇಶದಲ್ಲೆಲ್ಲ ಅಲೆಯಾಟವನ್ನು ತೋರಿಸಿ ಬಂದನು. ಆತ ೧೯೬೮ರಲ್ಲಿ ತೀರಿಕೊಂಡ ಅರ್ಧ ಶತಮಾನದ ಮೇಲೆ, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಆ ಆಟಕ್ಕೂ ಪದಕ ಬಂದಿತು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನ ಈ ಸ್ಪರ್ಧೆ ಪ್ಯಾರಿಸಿನಲ್ಲಿ ನಡೆಯಲಿಲ್ಲ. ಭೂಮಿಯ ಇನ್ನೊಂದು ಮಗ್ಗುಲಿನ ತಹೀತಿ ದ್ವೀಪದಲ್ಲಿ ನಡೆಯಿತು. ಅಲೆ ಎಲ್ಲಿದೆಯೋ ಆಟ ಅಲ್ಲಿಗೆ ಹೋಗಬೇಕಷ್ಟೆ!

ಕನ್ನಡ ನಾಡಿಗೆ ಇದು ಬಂದ ಬಗೆ ವಿಚಿತ್ರವಾಗಿದೆ. ತಂದವನು ಕ್ರೀಡಾಪಟುವಲ್ಲ, ಸಂನ್ಯಾಸಿ. ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ವ್ಯಕ್ತಿ ವೈಷ್ಣವ ದೀಕ್ಷೆ ಪಡೆದು ಭಾರತದಲ್ಲಿ ನೆಲೆಸಿದರು. ಕಾವಿ ಉಟ್ಟರೂ ಬಾಲ್ಯದ ಅಲೆಯ ಹುಚ್ಚು ಅವರನ್ನು ಬಿಡಲಿಲ್ಲ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರ್ ದೂರದ ಮೂಲ್ಕಿಯಲ್ಲಿ ೨೦೦೪ರಲ್ಲಿ ಅವರು ಶಿಷ್ಯರೊಡನೆ ಆಶ್ರಮ ಕಟ್ಟಿದರು. ಮುಂಜಾನೆ ಭಜನೆ, ಆಮೇಲೆ ಸಮುದ್ರ. ಜನ ಅವರನ್ನು 'ಸರ್ಫಿಂಗ್ ಸ್ವಾಮಿ' ಎಂದು ಕರೆದರು. ಈಗ ಅವರಿಲ್ಲ. ಆದರೆ ಅವರ ಮಂತ್ರ ಸರ್ಫ್ ಕ್ಲಬ್ಬಿನಲ್ಲಿ ಕಲಿತ ಕರಾವಳಿಯ ಹುಡುಗರು ಇಂದು ತಾವೇ ಗುರುಗಳಾಗಿದ್ದಾರೆ. ೨೦೧೬ರ ಮೇ ತಿಂಗಳಲ್ಲಿ ಮೂಲ್ಕಿಯ ನೆರೆಯ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಮುಕ್ತ ಸ್ಪರ್ಧೆ ನಡೆಯಿತು. ೨೦೨೫ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ಭಾರತದ ರಮೇಶ್ ಬುದಿಹಾಳ್ ಕಂಚಿನ ಪದಕ ಗೆದ್ದರು. ಹೆಣ್ಣುಮಕ್ಕಳಿಗೆ ಇದು ಸಲ್ಲದು ಎನ್ನುವವರು, ಇದೇ ಮೂಲ್ಕಿಯಲ್ಲಿ ಕಲಿತು, ನಿಂತು ಹುಟ್ಟುಹಾಕುವ ಹಲಗೆಯ ಸ್ಪರ್ಧೆಯಲ್ಲಿ ಪರದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ಅವರನ್ನು ನೆನೆಯಬಹುದು.

ಇನ್ನು ಆಟದ ಮರ್ಮ. ಅಲೆಯೆಂದರೆ ನೀರು ಓಡಿ ಬರುವುದೆಂದು ನಾವೆಲ್ಲ ತಿಳಿದಿರುತ್ತೇವೆ. ಅದು ಸರಿಯಲ್ಲ. ಸೇಡಂ ಸುತ್ತಿನ ಬಿಳಿಜೋಳದ ಹೊಲವನ್ನು ಗಾಳಿ ಬೀಸುವಾಗ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ತೆರೆ ಹಾಯುತ್ತದೆ; ಆದರೆ ಒಂದು ದಂಟೂ ತನ್ನ ಬೇರು ಬಿಟ್ಟು ಕದಲುವುದಿಲ್ಲ. ಸಮುದ್ರದಲ್ಲಿಯೂ ನೀರಿನ ಕಣ ತನ್ನ ಸ್ಥಳದಲ್ಲಿಯೇ ಒಂದು ಸುತ್ತು ಸುತ್ತಿ ನಿಲ್ಲುತ್ತದೆ. ಮುಂದೆ ಸಾಗುವುದು ಚೈತನ್ಯ ಮಾತ್ರ. ದೂರದ ಬಿರುಗಾಳಿ ನೀರಿಗೆ ಕೊಟ್ಟ ಚೈತನ್ಯವು ಸಾವಿರಾರು ಮೈಲಿ ಪ್ರಯಾಣ ಮಾಡಬಲ್ಲುದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಾಲ್ಟರ್ ಮಂಕ್ ಎಂಬ ವಿಜ್ಞಾನಿ ೧೯೬೩ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಅಳತೆಯ ಠಾಣೆಗಳನ್ನು ಇರಿಸಿ, ದಕ್ಷಿಣ ಧ್ರುವದ ಕಡೆಯ ಬಿರುಗಾಳಿಯ ಅಲೆಗಳು ೧೦,೦೦೦ ಕಿಲೋಮೀಟರಿಗೂ ಮಿಕ್ಕಿ ದಾಟಿ ಉತ್ತರದ ತೀರ ಮುಟ್ಟುವುದನ್ನು ತೋರಿಸಿದರು.

ಒಂದು ತೆರೆಗೂ ಮುಂದಿನ ತೆರೆಗೂ ಹದಿನೈದು ಸೆಕೆಂಡು ಅಂತರವಿದ್ದರೆ, ಆಳವಾದ ಕಡಲಿನಲ್ಲಿ ಅವುಗಳ ನಡುವಿನ ದೂರ ಸುಮಾರು ೩೫೦ ಮೀಟರ್. ಅಂಥ ತೆರೆಗಳ ಹಿಂಡು ದಿನವೊಂದಕ್ಕೆ ೧,೦೦೦ ಕಿಲೋಮೀಟರಿನಷ್ಟು ಸಾಗುತ್ತದೆ. ನಡುಗಡಲಿನಲ್ಲಿ ಹಡಗಿನವನಿಗೆ ಇದರ ಅರಿವೂ ಆಗದು. ನಿಧಾನವಾದ ಒಂದು ಉಬ್ಬು, ನಿಧಾನವಾದ ಒಂದು ಇಳಿತ, ಅಷ್ಟೆ. ಆದರೆ ತೀರ ಹತ್ತಿರವಾಗಿ ನೆಲ ಮೇಲೆ ಬಂದಂತೆಲ್ಲ ತೆರೆಯ ಅಡಿಭಾಗ ನೆಲಕ್ಕೆ ತಾಗಿ ನಿಧಾನಿಸುತ್ತದೆ. ಹಿಂದಿನದು ಮುಂದಿನದರ ಮೇಲೆ ಒತ್ತುತ್ತದೆ. ತೆರೆ ಗಿಡ್ಡದಾಗುತ್ತದೆ, ಎತ್ತರವಾಗುತ್ತದೆ. ನೀರಿನ ಆಳವು ತೆರೆಯ ಎತ್ತರದ ಒಂದೂಕಾಲರಷ್ಟಕ್ಕೆ ಇಳಿಯುವ ಹೊತ್ತಿಗೆ, ಹೊಸ್ತಿಲು ಎಡವಿದವನಂತೆ ಅದು ಮುಗ್ಗರಿಸಿ ಮುಂದಕ್ಕೆ ಬೀಳುತ್ತದೆ. ಹೀಗೆ ತೆರೆ ಒಡೆಯುವ ಎಡೆಯೇ ಈ ಆಟದ ಅಂಗಳ.

ಹೊಸ್ತಿಲು ಹೇಗೋ ತೆರೆ ಹಾಗೆ. ನೆಲ ಮೆಲ್ಲಗೆ ಏರುವ ಮರಳಿನದಾದರೆ ತೆರೆ ನೊರೆ ಚೆಲ್ಲುತ್ತ ಸಾವಕಾಶವಾಗಿ ಒಡೆಯುತ್ತದೆ. ಭೂಶಿರವೊಂದು ಚಾಚಿಕೊಂಡಿದ್ದರೆ ಅದರ ಪಕ್ಕದಲ್ಲಿ ಉದ್ದಕ್ಕೆ ಸಾಲಾಗಿ ಒಡೆಯುತ್ತದೆ. ಆಳ ಕಡಲಿನಿಂದ ಥಟ್ಟನೆ ಎದ್ದ ಹವಳದ ದಿಬ್ಬವಾದರೆ ತೆರೆ ಕೊಳವೆಯಂತೆ ಸುರುಳಿಯಾಗಿ, ಗುಡುಗಿನ ಸದ್ದಿನಿಂದ ಅಪ್ಪಳಿಸುತ್ತದೆ. ಮೂಲ್ಕಿಯದು ಮೊದಲನೆಯ ಜಾತಿ. ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಬಳಿ ನದಿಗಳು ತಂದೊಡ್ಡಿದ ಮರಳಿನ ದಿಬ್ಬಗಳ ಮೇಲೆ ತೆರೆ ಒಡೆಯುತ್ತದೆ. ಬಿದ್ದರೆ ಕೆಳಗೆ ಮರಳು. ಕಲಿಯುವವರಿಗೆ ಇದಕ್ಕಿಂತ ಮೆತ್ತನೆಯ ಪಾಠಶಾಲೆ ಬೇಕಿಲ್ಲ. ಇಷ್ಟು ಆಟದ ವಿಚಾರ.

ಎರಡನೆಯ ಪ್ರಶ್ನೆ, ಅಪಾಯ. ಇಲ್ಲಿ ತಾಯಿಯ ಪತ್ರದ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: "ಹುಡುಗನಿಗೆ ಈಜು ಚೆನ್ನಾಗಿ ಬರುತ್ತದೆ, ಗೆಳೆಯರೊಡನೆ ಹಳೆಯ ಕಲ್ಲುಗಣಿಯ ನೀರಿನಲ್ಲಿ ಕಲಿತಿದ್ದಾನೆ." ಅಮ್ಮಾ, ನಿಮ್ಮ ಚಿಂತೆ ಮೂಲ್ಕಿಯಿಂದ ಅಲ್ಲ, ಇಲ್ಲಿಂದಲೇ ಆರಂಭವಾಗಬೇಕು. ಕೈಬಿಟ್ಟ ಗಣಿಯ ಹೊಂಡಕ್ಕೆ ಮೆಟ್ಟಿಲಿಲ್ಲ, ಇಳಿಜಾರಿಲ್ಲ; ದಡದಿಂದ ಒಂದು ಹೆಜ್ಜೆ ತಪ್ಪಿದರೆ ನೇರವಾಗಿ ಆಳ. ಕಾವಲುಗಾರನಿಲ್ಲ, ಕೂಗಿದರೆ ಕೇಳುವವರಿಲ್ಲ. ಪ್ರತಿ ಬೇಸಗೆಯಲ್ಲಿಯೂ ಇಂಥ ಹೊಂಡಗಳು ನಾಡಿನ ಎಷ್ಟೋ ಮನೆಗಳ ದೀಪ ಆರಿಸುತ್ತವೆ. ಗುರುವಿನ ಎದುರಿನಲ್ಲಿ ಸೊಂಟಮಟ್ಟದ ಸಮುದ್ರಕ್ಕೆ ಇಳಿಯುವ ಹುಡುಗ, ಗುರುವಿಲ್ಲದೆ ಗಣಿಯ ನೀರಿಗೆ ಹಾರುವ ಹುಡುಗನಿಗಿಂತ ಕ್ಷೇಮ ಎಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ಆದರೂ ನಿಂತ ನೀರಿನ ಈಜೇ ಬೇರೆ, ನಡೆಯುವ ನೀರಿನ ಈಜೇ ಬೇರೆ. ಸಮುದ್ರದ ದೊಡ್ಡ ಅಪಾಯ ಎತ್ತರದ ಅಲೆಯಲ್ಲ, ಹಿಂದೆಳೆಯುವ ಹರಿವು. ಅಲೆಗಳು ದಡಕ್ಕೆ ತಂದು ಪೇರಿಸಿದ ನೀರು ಎಲ್ಲಿಯಾದರೂ ಹಿಂದಕ್ಕೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಸಿಕ್ಕ ಕಿರಿದಾದ ಓಣಿಯಲ್ಲಿ ಅದು ರಭಸದಿಂದ ಕಡಲಿಗೆ ಹರಿಯುತ್ತದೆ. ಇದರ ಮೋಸ ಇರುವುದು ಇಲ್ಲಿಯೇ: ಅಕ್ಕಪಕ್ಕದಲ್ಲಿ ನೊರೆ ಎದ್ದು ಭೋರ್ಗರೆಯುತ್ತಿರುವಾಗ ಈ ಓಣಿಯಲ್ಲಿ ಮಾತ್ರ ನೀರು ಶಾಂತವಾಗಿ ಕಾಣುತ್ತದೆ. ಹೊಸಬರು 'ಇಲ್ಲಿ ಅಲೆಯಿಲ್ಲ, ಇಲ್ಲೇ ಸುರಕ್ಷಿತ' ಎಂದು ಅಲ್ಲಿಯೇ ಇಳಿಯುತ್ತಾರೆ. ಜೋರಾದ ಹರಿವು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಎಳೆಯಬಲ್ಲುದು; ಅದರ ಎದುರಿಗೆ ಒಲಿಂಪಿಕ್ ಈಜುಗಾರನೂ ನಿಂತಲ್ಲೇ ನಿಲ್ಲುತ್ತಾನೆ. ಸಿಕ್ಕಿಕೊಂಡವರು ದಡದ ಕಡೆಗೆ ಹೋರಾಡಿ ದಣಿಯಬಾರದು. ತೇಲುತ್ತ ಇದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಓಣಿಯಿಂದ ಹೊರಬಂದ ಮೇಲೆ ಅಲೆಗಳ ಜೊತೆಯಲ್ಲಿಯೇ ದಡ ಸೇರಬೇಕು. ಈ ಒಂದು ಮಾತನ್ನು ಸಮುದ್ರಸ್ನಾನಕ್ಕೆ ಹೋಗುವ ಪ್ರತಿ ಕುಟುಂಬವೂ, ಗೋಕರ್ಣಕ್ಕೆ ಹೋಗುವವರೂ ಮಲ್ಪೆಗೆ ಹೋಗುವವರೂ, ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಪಾಯದ ಹೆಸರು ನಮ್ಮ ಕಿವಿಗೆ ಕನ್ನಡದ್ದೇ ಎನಿಸುತ್ತದೆ. ಮಲೆಯಾಳದ ಬೆಸ್ತರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ: ಕಳ್ಳನಂತೆ ಬರುವ ಕಡಲು. ಊರಿನಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ಎಲ್ಲಿಯೋ ದಕ್ಷಿಣದಲ್ಲಿ ನಾಲ್ಕೈದು ದಿನಗಳ ಹಿಂದೆ ಎದ್ದ ಬಿರುಗಾಳಿಯ ತೆರೆಗಳು ಸದ್ದಿಲ್ಲದೆ ಬಂದು ದಡದ ಮನೆಗಳಿಗೆ ನುಗ್ಗುತ್ತವೆ. ೨೦೧೨ರಲ್ಲಿ ಯುನೆಸ್ಕೋ ಈ ಬೆಸ್ತರ ಮಾತನ್ನು ವೈಜ್ಞಾನಿಕ ಪದವಾಗಿ ಅಂಗೀಕರಿಸಿತು. ಈ ಕಳ್ಳನ ಸುಳಿವನ್ನು ಮುಂಚಿತವಾಗಿ ಕೊಡುವ ಕೇಂದ್ರ ಎಲ್ಲಿದೆ ಗೊತ್ತೆ? ಕಡಲ ದಡದಲ್ಲಿಲ್ಲ, ವಾಡಿಯಿಂದ ಸೇಡಂ, ತಾಂಡೂರುಗಳ ಮೇಲೆ ಹೋಗುವ ರೈಲು ಮುಟ್ಟುವ ಹೈದರಾಬಾದಿನಲ್ಲಿ. ೧೯೯೯ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲ್ಲಿಂದಲೇ ದೇಶದ ತೀರಗಳಿಗೆಲ್ಲ ಅಲೆಯ ಮುನ್ಸೂಚನೆ ಕಳಿಸುತ್ತದೆ. ಕಲ್ಲು ಬಂಡೆಗಳ ನಡುವೆ ಕುಳಿತು ಕಡಲನ್ನು ಕಾಯುವವರೂ ಉಂಟು!

ಈಗ ಮೂರನೆಯ ಪ್ರಶ್ನೆ. ಕಲ್ಲಿನ ಊರಿಗೂ ಕಡಲಿಗೂ ಏನು ನಂಟು?

ತಾಯಿಯವರೇ, ನೀವು ದಿನವೂ ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕುವ ಆ ನೆಲವೇ ಒಂದು ಕಡಲಿನ ತಳ. ಶಹಾಬಾದಿನ ಪರಸಿ ಸುಣ್ಣದ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ಮೀನು ಹವಳಗಳು ಲೋಕದಲ್ಲಿ ಇನ್ನೂ ಕಾಣಿಸಿಕೊಳ್ಳದಿದ್ದ ಕಾಲದಲ್ಲಿ, ಇಂದಿನ ಭೀಮಾ ಮತ್ತು ಕಾಗಿಣಾ ನದಿಗಳ ಸೀಮೆಯ ಮೇಲೆ ಸಮುದ್ರ ಹಬ್ಬಿತ್ತು. ಅದರ ನೀರಿನಿಂದ ಸುಣ್ಣದ ನುಣುಪಾದ ಕೆಸರು ಪದರ ಪದರವಾಗಿ ಕೆಳಗಿಳಿದು ಕಲ್ಲಾಯಿತು. ಹೆಚ್ಚು ಕದಡದ ಶಾಂತ ನೀರಿನಲ್ಲಿ ಪದರಗಳು ಸಮನಾಗಿ ಕೂತದ್ದರಿಂದಲೇ ಕಲ್ಲೊಡೆಯುವವನ ಉಳಿಗೆ ಅದು ಹಪ್ಪಳದಂತೆ ಸಪಾಟಾಗಿ ಬಿಚ್ಚಿಕೊಳ್ಳುತ್ತದೆ. ಮೂಲ್ಕಿಯ ತೆರೆಯ ಗುಣ ತಳದ ಮರಳಿನಲ್ಲಿದ್ದರೆ, ನಿಮ್ಮ ಪಡಸಾಲೆಯ ನುಣುಪು ತೆರೆಯಿಲ್ಲದ ನೀರಿನಲ್ಲಿದೆ. ನಿಂಬೆಯ ರಸವೋ ಹುಣಿಸೆಯ ಹುಳಿಯೋ ಆ ನೆಲದ ಮೇಲೆ ಬಿದ್ದರೆ ಕಲೆ ಉಳಿಯುವುದನ್ನು ನೀವು ಕಂಡೇ ಇರುತ್ತೀರಿ. ಹುಳಿಗೆ ಕರಗುವುದು ಸುಣ್ಣದ ಸ್ವಭಾವ. ಚಿಪ್ಪಿನದೂ ಅದೇ, ಹವಳದ್ದೂ ಅದೇ.

ಇದು ಒಂದು ನಂಟು. ಎರಡನೆಯದು ಚಿಂಚೋಳಿಯ ಕಡೆಯದು. ಅಲ್ಲಿ ಈ ಸುಣ್ಣದ ಕಲ್ಲಿನ ಮೇಲೆ ಕರಿಕಲ್ಲು ಹೊದ್ದುಕೊಂಡಿದೆ. ಅದು ನೆಲ ಬಿರಿದು ಉಕ್ಕಿದ ಲಾವಾರಸ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖನಿನ ಬಹುಭಾಗವನ್ನು ಮುಚ್ಚಿ, ಎರೆಭೂಮಿಗೆ ತಾಯಿಯಾದದ್ದು ಇದೇ. ಆ ಬೆಂಕಿಯ ಕುಲುಮೆ ಭೂಗರ್ಭದಲ್ಲಿ ಆಮೇಲೆಯೂ ಆರಲಿಲ್ಲ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕುಲುಮೆ ಇದ್ದಲ್ಲಿಯೇ ಇತ್ತು. ಅದರ ಮೇಲೆ ಭಾರತದ ನೆಲ ಉತ್ತರಕ್ಕೆ ಸರಿಯುತ್ತ ಹೋಯಿತು. ಉರಿಯುವ ಬತ್ತಿಯ ಮೇಲೆ ಕಾಗದ ಎಳೆದರೆ ಕರಕಲು ಗೆರೆ ಮೂಡುವಂತೆ, ಕಡಲ ತಳದಲ್ಲಿ ಬೆಂಕಿಮಲೆಗಳ ಸಾಲೊಂದು ಮೂಡಿತು. ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್ ಎಂದು ತೆಂಕಣಕ್ಕೆ ಹಬ್ಬಿದ ಸಾಲು ಅದರದೇ ಗುರುತು. ೧೯೮೭ರಲ್ಲಿ ಸಂಶೋಧನಾ ನೌಕೆಯೊಂದು ಕಡಲ ತಳವನ್ನು ಕೊರೆದು ನೋಡಿದಾಗ, ದಕ್ಷಿಣಕ್ಕೆ ಹೋದಂತೆಲ್ಲ ಕಲ್ಲಿನ ವಯಸ್ಸು ಕಡಮೆಯಾಗುತ್ತ ಹೋದುದು ಕಂಡಿತು. ಇಂದು ಆ ಕುಲುಮೆಯ ಮೇಲಿರುವುದು ಮಾರಿಷಸ್ಸಿನ ನೆರೆಯ ರಿಯೂನಿಯನ್ ದ್ವೀಪ; ಅದರ ಬೆಂಕಿಮಲೆ ಇನ್ನೂ ಉಗುಳುತ್ತಿದೆ. ಚಿಂಚೋಳಿಯ ಕರಿಕಲ್ಲು ಅಣ್ಣನಾದರೆ ಮಾಲ್ಡೀವ್ಸ್ ತಮ್ಮ.

ಬೆಂಕಿಮಲೆಗಳು ಆರಿ ನಿಧಾನವಾಗಿ ಮುಳುಗಿದವು. ಅವುಗಳ ಅಂಚಿನಲ್ಲಿ ಹವಳದ ಹುಳುಗಳು, ಬೆಟ್ಟ ಒಂದು ಗೇಣು ಕುಸಿದರೆ ತಾವು ಒಂದು ಗೇಣು ಮೇಲಕ್ಕೆ ಕಟ್ಟುತ್ತ, ಬಿಸಿಲಿನ ಆಸರೆ ಬಿಡದೆ ಬೆಳೆದವು. ಕೊನೆಗೆ ಬೆಟ್ಟ ಮಾಯವಾಗಿ ಬಳೆಯಾಕಾರದ ಹವಳದ ಕೋಟೆ ಮಾತ್ರ ಉಳಿಯಿತು. ಈ ರಹಸ್ಯವನ್ನು ಊಹಿಸಿ ೧೮೪೨ರಲ್ಲಿ ಗ್ರಂಥವಾಗಿ ಪ್ರಕಟಿಸಿದವನು ಚಾರ್ಲ್ಸ್ ಡಾರ್ವಿನ್. ಅಂಥ ಕೋಟೆಯ ಒಳಗೆ ಮೊಣಕಾಲಿನಿಂದ ಕೆಲವು ಮೀಟರುಗಳವರೆಗಿನ ತಿಳಿನೀರಿನ ಕೊಳ. ಹೊರಗೆ ನೂರಾರು ಮೀಟರು ಆಳದ ಕರಿಗಡಲು. ದಕ್ಷಿಣ ಸಾಗರದಿಂದ ಐದು ದಿನ ಪ್ರಯಾಣ ಮಾಡಿ ಬಂದ ತೆರೆಗೆ ನಡುವೆ ಎಲ್ಲಿಯೂ ನೆಲ ತಾಗದೆ, ಒಮ್ಮೆಲೇ ಈ ಕೋಟೆಗೋಡೆಯನ್ನು ಎಡವುತ್ತದೆ. ಲೋಕದ ಅಲೆಯಾಟಗಾರರು ಕನಸಿನಲ್ಲಿ ಕಾಣುವ ತೆರೆ ಇದೇ.

ಮಾಲ್ಡೀವ್ಸಿನ ಈ ತೆರೆಗಳನ್ನು ಲೋಕಕ್ಕೆ ತೋರಿಸಿದ ಕಥೆ ಧಾರಾವಾಹಿಗೆ ಒಪ್ಪುವಂಥದು. ೧೯೭೩ರ ಡಿಸೆಂಬರಿನಲ್ಲಿ ಟೋನಿ ಹಿಂಡ್ ಎಂಬ ಆಸ್ಟ್ರೇಲಿಯದ ಯುವಕನಿದ್ದ ಹಾಯಿಹಡಗು ಅಲ್ಲಿ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ದಡ ಸೇರಿದ ಆತ, ತನ್ನ ಹಡಗನ್ನು ಒಡೆದ ತೆರೆಗಳನ್ನೇ ಪ್ರೀತಿಸಿ ಅಲ್ಲಿಯೇ ನಿಂತನು. ಇಸ್ಲಾಂ ಸ್ವೀಕರಿಸಿ ಹುಸೇನ್ ಎಂಬ ಹೆಸರು ಪಡೆದು, ಅಲ್ಲಿಯ ಕನ್ಯೆಯನ್ನು ಮದುವೆಯಾಗಿ, ಆ ದೇಶದ ಪ್ರಜೆಯಾದನು. ಎಷ್ಟೋ ವರ್ಷ ಆ ತೆರೆಗಳ ಗುಟ್ಟನ್ನು ಹೊರಗೆ ಬಿಡಲಿಲ್ಲ. ಇಂದು ಆ ತೆರೆಗಳಿಗೆ ಒಂದೊಂದು ಹೆಸರು: ಸೋಡಾ ಕಾರ್ಖಾನೆಯ ಎದುರಿನದು 'ಕೋಕ್ಸ್', ಸೆರೆಮನೆಯ ಮುಂದಿನದು 'ಜೇಲ್ ಬ್ರೇಕ್ಸ್', ಕೋಳಿಸಾಕಣೆ ಇದ್ದ ದ್ವೀಪದ್ದು 'ಚಿಕನ್ಸ್'. ೨೦೦೮ರಲ್ಲಿ ಆತ ತನಗೆ ಪ್ರಿಯವಾದ ತೆರೆಯ ಬಳಿಯಲ್ಲಿಯೇ, ಅಲೆಯೇರಿ ಬಂದ ಬೆನ್ನಿಗೆ, ಕಣ್ಣುಮುಚ್ಚಿದನು.

ಆ ಸಾಲಿನ ಉತ್ತರದ ತುದಿ ನಮ್ಮದೇ. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ಮನೆಮಠಗಳು ಪೂರ್ವದ ಅಂಚಿನಲ್ಲಿವೆ. ಪಶ್ಚಿಮಕ್ಕೆ ಕೊಳ, ಅದರಾಚೆ ಹವಳದ ಕೋಟೆ. ಮುಂಗಾರಿನ ಬಲವಾದ ತೆರೆಗಳು ಕೋಟೆಯ ಮೇಲೆ ಒಡೆದು ನೊರೆಯಾಗುತ್ತವೆ. ಒಳಗೆ ಮಕ್ಕಳು ದೋಣಿಯಾಟ ಆಡುತ್ತಾರೆ. ಅಮಿನಿ, ಕಡಮತ್ತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪೂ ಸುಲ್ತಾನನ ವಶವಾಗಿ, ೧೭೯೯ರ ಮೇಲೆ ಇಂಗ್ಲಿಷರಿಗೆ ಸೇರಿ, ಕನ್ನಡ ಜಿಲ್ಲೆಯ ಅಂಗವಾದವು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅವುಗಳ ಕಚೇರಿ ಮಂಗಳೂರು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ಒಯ್ಯುತ್ತಿದ್ದರು. ೧೯೫೬ರ ನವೆಂಬರ್ ೧ರಂದು ಅವು ಮಂಗಳೂರಿನ ಆಡಳಿತದಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಅದೇ ದಿನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಕನ್ನಡ ರಾಜ್ಯವನ್ನು ಕೂಡಿಕೊಂಡವು. ಒಂದೇ ಬಾಗಿಲಿನಲ್ಲಿ ನೀವು ಒಳಗೆ ಬಂದಿರಿ, ಅವರು ಹೊರಗೆ ಹೋದರು. ಎದುರುಬದುರಾಗಿ ಮುಖ ನೋಡಲು ಅವಕಾಶವಾಗಲಿಲ್ಲ.

ಈಗ ನಂಟಿನ ಕಹಿ ಭಾಗ. ಲಕ್ಷದ್ವೀಪದ ಎಲ್ಲ ನೆಲವನ್ನೂ ಕೂಡಿಸಿದರೆ ೩೨ ಚದರ ಕಿಲೋಮೀಟರ್, ನಮ್ಮ ಒಂದು ಹೋಬಳಿಗಿಂತ ಚಿಕ್ಕದು. ಅದರ ಎತ್ತರ ಸಮುದ್ರದಿಂದ ಕೆಲವೇ ಮೀಟರ್. ೨೦೧೧ರ ಜನಗಣತಿಯ ಪ್ರಕಾರ ಅಲ್ಲಿ ೬೪ ಸಾವಿರಕ್ಕೂ ಹೆಚ್ಚು ಜನ. ಅವರ ಭಾವಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುವ ಪದರ. ಇವೆಲ್ಲಕ್ಕೂ ಕಾವಲು ಆ ಹವಳದ ಕೋಟೆ. ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಹವಳದ ದಿಬ್ಬಗಳು ಸರಾಸರಿ ಶೇಕಡ ೯೭ರಷ್ಟು ಅಲೆಯ ಬಲವನ್ನು ತಾವೇ ಹೀರಿಕೊಳ್ಳುತ್ತವೆ. ಆಟಗಾರನಿಗೆ ಆಟದ ಅಂಗಳವಾದ ತೆರೆ ಒಡೆಯುವ ಎಡೆಯೇ ದ್ವೀಪದವರಿಗೆ ಮನೆಯ ಗೋಡೆ.

ಕಡಲಿನ ನೀರು ಅತಿಯಾಗಿ ಬಿಸಿಯಾದಾಗ ಹವಳ ಬಣ್ಣಗೆಟ್ಟು ಬಿಳಿಚಿ ಸಾಯುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಈ ಪಿಡುಗು ಬಂದಿತು. ೨೦೨೪ರಲ್ಲಿ ಮತ್ತೆ ಬಂದಿತು. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ೧೯೯೮ರಿಂದ ಅಲ್ಲಿಯ ಹವಳಗಳನ್ನು ಅಳೆಯುತ್ತ ಬಂದಿದ್ದಾರೆ. ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ ಎಂಬುದು ಅವರ ಲೆಕ್ಕ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ದ್ವೀಪಗಳಲ್ಲಿ ಒಂದು ಕೊರೆದು ಕೊರೆದು ಕಾಣೆಯಾಯಿತೆಂದು ೨೦೧೭ರಲ್ಲಿ ವರದಿಯಾಯಿತು. ಗೋಡೆಯನ್ನು ಕಟ್ಟುವ ಹುಳು ಸತ್ತ ಮೇಲೆ ಗೋಡೆ ಎಷ್ಟು ದಿನ ನಿಂತೀತು?

ನೀರು ಬಿಸಿಯಾಗುವುದಕ್ಕೆ ಮುಖ್ಯ ಕಾರಣ ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲಾಮ್ಲ ವಾಯು. ಅದರಲ್ಲಿ ಬಹುಪಾಲು ಕಲ್ಲಿದ್ದಲು ಮತ್ತು ಎಣ್ಣೆಗಳಿಂದ ಬರುತ್ತದೆ. ಆದರೆ ಶೇಕಡ ಏಳೆಂಟು ಪಾಲು ಸಿಮೆಂಟಿನದು. ಶುದ್ಧವಾದ ೧೦೦ ಕಿಲೋ ಸುಣ್ಣದ ಕಲ್ಲನ್ನು ಸುಟ್ಟರೆ ೪೪ ಕಿಲೋ ಈ ವಾಯುವಾಗಿ ಹೋಗುತ್ತದೆ. ಉರುವಲಿನ ಲೆಕ್ಕ ಬೇರೆ. ಅಂದರೆ ಕೋಟಿ ಕೋಟಿ ವರ್ಷಗಳ ಹಿಂದಿನ ಕಡಲು ತನ್ನ ತಳದಲ್ಲಿ ಕಲ್ಲುಮಾಡಿ ಬಚ್ಚಿಟ್ಟ ಗಾಳಿಯನ್ನು ನಾವು ವಾಡಿ, ಸೇಡಂಗಳ ಕುಲುಮೆಗಳಿಂದ ಬಿಡುಗಡೆ ಮಾಡುತ್ತಿದ್ದೇವೆ. ಅದರಲ್ಲಿ 'ನಾಲ್ಕಾಣೆ' ಪಾಲನ್ನು ಇಂದಿನ ಕಡಲು ಮತ್ತೆ ಹೀರಿಕೊಂಡು, ತುಸು ತುಸುವಾಗಿ ಹುಳಿಯಾಗುತ್ತಿದೆ. ಹುಳಿ ಬಿದ್ದ ನಿಮ್ಮ ಪರಸಿಯ ಮೇಲೆ ಕಲೆಯಾಗುತ್ತದೆ. ಹುಳಿ ಸೇರಿದ ಕಡಲಿನಲ್ಲಿ ಹವಳಕ್ಕೆ ಸುಣ್ಣ ಕಟ್ಟುವುದು ಕಷ್ಟವಾಗುತ್ತದೆ. ಹಳೆಯ ಸಮುದ್ರದ ಸುಣ್ಣ ಹೊಸ ಸಮುದ್ರದ ಸುಣ್ಣವನ್ನು ತಿನ್ನುತ್ತಿದೆ.

ಇದನ್ನು ಹೇಳುವಾಗ ಆ ಕಾರ್ಖಾನೆಗಳ ಕೂಲಿಯಿಂದ ಒಲೆ ಹೊತ್ತಿಸುವ ಸಾವಿರಾರು ಸಂಸಾರಗಳನ್ನು ನಾನು ಮರೆತಿಲ್ಲ. ಮಾರಿದವರ ತಪ್ಪು, ಕೊಂಡವರು ನಿರ್ದೋಷಿಗಳು ಎಂಬ ನ್ಯಾಯವೂ ನನ್ನದಲ್ಲ. ಬೆಂಗಳೂರಿನಲ್ಲಿ ಕುಳಿತು ತಾರಸಿಮನೆ ಕಟ್ಟಿಸುವವರಿಗಾಗಿಯೇ ಅಲ್ಲವೆ ಆ ಕುಲುಮೆ ಉರಿಯುವುದು? ಸಿಮೆಂಟಿಗೆ ಹಾರುಬೂದಿ, ಉಕ್ಕಿನ ಕುಲುಮೆಯ ಕಿಟ್ಟ ಮೊದಲಾದವನ್ನು ಬೆರೆಸಿ ಸುಡುವ ಸುಣ್ಣದಕಲ್ಲನ್ನು ಕಡಮೆ ಮಾಡುವ ಕ್ರಮ ಈಗಾಗಲೇ ರೂಢಿಯಲ್ಲಿದೆ. ಅದು ಇನ್ನೂ ಬೆಳೆಯಬೇಕು. ಮಾಡಬಲ್ಲವರು ಯಾರು? ಇನ್ನು ಹತ್ತು ವರ್ಷಗಳಲ್ಲಿ ಇಂಜಿನಿಯರುಗಳೂ ರಸಾಯನಶಾಸ್ತ್ರಜ್ಞರೂ ಆಗಿ ಅದೇ ಕಾರ್ಖಾನೆಗಳ ಬಾಗಿಲು ಹೊಕ್ಕುವ, ಇಂದು ಹದಿನಾರು ವರ್ಷದ ಹುಡುಗ ಹುಡುಗಿಯರು. ಕಡಲನ್ನು ಎಂದೂ ಕಾಣದವನಿಗಿಂತ, ಒಮ್ಮೆ ಅದರ ಬೆನ್ನೇರಿ ಬಿದ್ದು ಉಪ್ಪುನೀರು ಕುಡಿದವನಿಗೆ ಆ ಕೆಲಸದಲ್ಲಿ ಆಸ್ಥೆ ಹೆಚ್ಚಾಗಿರುವುದು ಸಹಜ.

ಆದಕಾರಣ, ತಾಯಿಯವರೇ, ಹುಡುಗನನ್ನು ಕಳಿಸಿಕೊಡಿ ಎಂಬುದೇ ನನ್ನ ಅಭಿಪ್ರಾಯ. ಕೆಲವು ಕಟ್ಟುಪಾಡುಗಳನ್ನು ಮಾತ್ರ ಹಾಕಿರಿ. ಮಳೆಗಾಲದ ಕಡಲು ಬೇಡ. ಮಳೆ ಹಿಂದಾಗಿ ಸಮುದ್ರ ತಣ್ಣಗಾದ ಮೇಲೆ, ದಸರೆಯ ಅಥವಾ ಡಿಸೆಂಬರಿನ ರಜೆಯಲ್ಲಿ ಹೋಗಲಿ. ಮೊದಲು ಕಾವಲಿರುವ ಕೊಳದಲ್ಲಿ, ನಿಲ್ಲದೆ ಇನ್ನೂರು ಮೀಟರು ಈಜಬಲ್ಲನೆಂದು ತಂದೆಯ ಎದುರಿಗೆ ತೋರಿಸಲಿ. ಕಲಿಸುವವರ ಯೋಗ್ಯತೆಯನ್ನೂ ಜೀವರಕ್ಷಣೆಯ ತರಬೇತಿಯನ್ನೂ ವಿಚಾರಿಸಿಯೇ ಸೇರಿಸಿ. ಮೃದುವಾದ ಹಲಗೆ, ಕಾಲಿಗೆ ಕಟ್ಟುವ ಹಗ್ಗ, ಸೊಂಟದ ಮಟ್ಟದ ನೀರು, ಮರಳಿನ ತಳ: ಮೊದಲ ವರ್ಷ ಇಷ್ಟೇ. ಕೆಂಪು ಬಾವುಟ ಹಾರಿದ ದಿನ, ಗುರು ಬೇಡವೆಂದ ದಿನ, ಒಬ್ಬನೇ ಇರುವ ದಿನ ನೀರಿಗಿಳಿಯಕೂಡದು. ಗಣಿಯ ಹೊಂಡದ ಈಜನ್ನು ಇಂದಿನಿಂದಲೇ ಬಿಡಬೇಕು; ಇದು ಮೊದಲನೆಯ ಕರಾರು, ಮೂಲ್ಕಿ ಆಮೇಲೆ.

ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಹುಡುಗ ಕ್ಷೇಮವಾಗಿ ಹಿಂದಿರುಗುವಾಗ ಅವರಿಗಾಗಿ ದಡದಿಂದ ಒಂದು ಖಾಲಿ ಚಿಪ್ಪು ತರಲಿ. ಅದರ ಮೇಲೂ, ಹಿತ್ತಿಲಲ್ಲಿ ಬಿದ್ದಿರುವ ಒಡೆದ ಪರಸಿಯ ಚೂರಿನ ಮೇಲೂ ಒಂದೊಂದು ಹನಿ ನಿಂಬೆರಸ ಹಿಂಡಿ ಮನೆಮಂದಿಯೆಲ್ಲ ನೋಡಿರಿ. ಎರಡೂ ಒಂದೇ ಬಗೆಯಾಗಿ ಸಣ್ಣಗೆ ನೊರೆಯುತ್ತವೆ. ನಡುಮನೆಯ ನೆಲದ ಮೇಲೆ ಮಾತ್ರ ಈ ಪ್ರಯೋಗ ಬೇಡ.